ಮೊದಲು ವಾರ್ಡಿಗೆ ಹೋಗು, ಓಟಿ ಆಮೇಲೆ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯವಳು. ಅಖಿಲ ಭಾರತ ಕೋಟಾದಲ್ಲಿ ನಾಗಪುರದ ಸರ್ಕಾರಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿತು. ಮೊದಲ ವರ್ಷ ಪಾಸಾಗಿ ಈಗಷ್ಟೇ ಎರಡನೇ ವರ್ಷಕ್ಕೆ ಬಂದಿದ್ದೇನೆ. ಅಪ್ಪನದು ಊರಲ್ಲಿ ಕಿರಾಣಿ ಅಂಗಡಿ. ನಮ್ಮ ಬಳಗದಲ್ಲಿ ಡಾಕ್ಟರ್ ಅಂತ ಒಬ್ಬರೂ ಇಲ್ಲ. ಡಿಸೆಕ್ಷನ್ ಹಾಲಿಗೆ ಕಾಲಿಟ್ಟಾಗಿನಿಂದ ಸರ್ಜನ್ ಆಗಬೇಕೆಂಬ ಹುಚ್ಚು ಹತ್ತಿದೆ. ಆದರೆ ದಾರಿ ಹೇಳುವವರಿಲ್ಲ. ನನ್ನ ಬ್ಯಾಚಿನ ಕೆಲವರ ಅಪ್ಪ ಅಮ್ಮ ಧಂತೋಲಿ, ರಾಮದಾಸಪೇಠದಲ್ಲಿ ಸ್ವಂತ ಆಸ್ಪತ್ರೆ ಇಟ್ಟುಕೊಂಡವರು. ಅವರು ರಜೆ ಬಂದರೆ ಮನೆಯ ಓಟಿಯಲ್ಲೇ ನಿಂತು ನೋಡುತ್ತಾರೆ. ಕಾಲೇಜು ನನಗೆ ಕೊಟ್ಟ ಮೆಂಟರ್ ಬಯೋಕೆಮಿಸ್ಟ್ರಿ ಮೇಡಂ. ಒಳ್ಳೆಯವರೇ, ಆದರೆ ಭೇಟಿ ಅಂದರೆ ಹಾಜರಾತಿ, ಮಾರ್ಕ್ಸು, ಒಂದು ಸಹಿ. ಸರ್ಜರಿ ವಿಭಾಗದ ಮುಖ್ಯಸ್ಥರ ಕೋಣೆಯ ಹೊರಗೆ ಒಮ್ಮೆ ನಿಂತು, ಒಳಗೆ ಹೋಗುವ ಧೈರ್ಯ ಬರದೆ ವಾಪಸ್ ಬಂದೆ. ಪಿಜಿ ಸೀನಿಯರ್ ಒಬ್ಬರನ್ನು ಕೇಳಿದರೆ ‘ಸರ್ಜರಿ ಹುಡುಗಿಯರಿಗಲ್ಲ, ಡರ್ಮಾ ನೋಡಿಕೋ’ ಎಂದು ನಕ್ಕರು. ಅಮ್ಮ ಫೋನಿನಲ್ಲಿ ಮದುವೆ ವಯಸ್ಸಿನ ಲೆಕ್ಕ ಹಾಕುತ್ತಾಳೆ. ನನ್ನ ಮರಾಠಿಯೂ ಅಷ್ಟಕ್ಕಷ್ಟೇ. ಈಗಲೇ ಗೈಡ್ ಹುಡುಕಬೇಕೇ? ಯಾರನ್ನು, ಹೇಗೆ ಕೇಳಲಿ?
– ಹೆಸರು ಬೇಡ, ನಾಗಪುರ

ಉತ್ತರ: ತಂಗೀ, ಕಾಲೇಜಿನ ಹೆಸರನ್ನೂ ನೀನು ಬರೆದಿದ್ದೆ, ಅದನ್ನು ತೆಗೆದಿದ್ದೇನೆ. ನಾಗಪುರದಲ್ಲಿ 1947ರ ‘ಮೆಡಿಕಲ್’ ಇದೆ, 1968ರಲ್ಲಿ ಕಾಲೇಜಾದ ‘ಮೇಯೋ’ ಇದೆ, 2018ರಲ್ಲಿ ಮೊದಲ ಬ್ಯಾಚ್ ಸೇರಿಸಿಕೊಂಡ ಏಮ್ಸ್ ಇದೆ. ನೀನು ಯಾವುದರಲ್ಲಿದ್ದರೂ ನನ್ನ ಉತ್ತರ ಒಂದೇ.

ನೀನು ನಿಂತದ್ದು ತಪ್ಪು ಬಾಗಿಲ ಮುಂದೆ. ಒಳಗೆ ಹೋಗದೆ ಬಂದದ್ದರಿಂದ ಏನೂ ನಷ್ಟವಾಗಿಲ್ಲ. ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಪಿಜಿಗಳ ಥೀಸಿಸ್, ನಾಸಿಕದ ಆರೋಗ್ಯ ವಿಶ್ವವಿದ್ಯಾಲಯದ ಪತ್ರ, ಔಷಧಿಯ ಇಂಡೆಂಟು, ಪೊಲೀಸ್ ಕೇಸಿನ ಕಾಗದ ಎಲ್ಲ ಗುಡ್ಡೆಯಾಗಿರುತ್ತವೆ. ಅಲ್ಲಿಗೆ ಎರಡನೇ ವರ್ಷದ ಹುಡುಗಿ ಹೋಗಿ ‘ಸರ್, ನೀವು ನನ್ನ ಮೆಂಟರ್ ಆಗಿ’ ಅಂದರೆ ಅವರು ತಾನೇ ಏನು ಹೇಳಿಯಾರು? ‘ಆಯ್ತು, ಚೆನ್ನಾಗಿ ಓದು’ ಅನ್ನುತ್ತಾರೆ. ನೀನು ಥ್ಯಾಂಕ್ಸ್ ಹೇಳಿ ಹೊರಗೆ ಬರುತ್ತೀ. ಅಲ್ಲಿಗೆ ಮುಗಿಯಿತು. ಅಷ್ಟು ದೊಡ್ಡದನ್ನು ಕೇಳಿದರೆ ಹೂಂ ಅನ್ನುವುದೂ ಸುಲಭ, ಮರೆತುಬಿಡುವುದೂ ಸುಲಭ.

ಸರ್ಜರಿ ಪಾಠ ಹೇಳಿ ನಿವೃತ್ತನಾದವನಾಗಿ ನನ್ನ ಸಲಹೆ ಇಷ್ಟು: ಗುರುವನ್ನು ಹುಡುಕುವುದು ಬಿಟ್ಟು ಒಂದು ಯೂನಿಟ್ ಹುಡುಕು. ಓಟಿಗೆ ಬಿಡಿ ಅಂತ ಕೇಳುವ ಮೊದಲು ವಾರ್ಡಿಗೆ ಬರಲೇ ಅಂತ ಕೇಳು.

ಸರ್ಕಾರಿ ಆಸ್ಪತ್ರೆಯ ಸರ್ಜರಿ ವಿಭಾಗ ನಡೆಯುವುದೇ ಯೂನಿಟ್ಟುಗಳ ಮೇಲೆ. ಪ್ರತಿ ಯೂನಿಟ್ಟಿಗೂ ವಾರದಲ್ಲಿ ಅದರದೇ ಓಪಿಡಿ ದಿನ, ಓಟಿ ದಿನ, ಎಮರ್ಜೆನ್ಸಿ ದಿನ ಇರುತ್ತವೆ. ಮೇಲೆ ಯೂನಿಟ್ ಹೆಡ್, ಅವರ ಕೆಳಗೆ ಅಸೋಸಿಯೇಟ್, ಅಸಿಸ್ಟೆಂಟ್ ಪ್ರೊಫೆಸರ್, ಸೀನಿಯರ್ ರೆಸಿಡೆಂಟ್, ಆಮೇಲೆ ಪಿಜಿ ಓದುವ ಜೂನಿಯರ್ ರೆಸಿಡೆಂಟ್‌ಗಳು, ಅಂದರೆ ಜೆಆರ್ ಮೂರು, ಎರಡು, ಒಂದು, ಕೊನೆಗೆ ಇಂಟರ್ನ್. ಇವರಲ್ಲಿ ಜೆಆರ್ ಒಂದು ಪಾಪ, ಊಟ ನಿದ್ದೆ ಇಲ್ಲದೆ ಓಡುತ್ತಿರುತ್ತಾನೆ. ಅವನಿಂದ ಪಾಠ ನಿರೀಕ್ಷಿಸಬೇಡ, ನೀನೇ ಅವನಿಗೊಂದು ರಿಪೋರ್ಟ್ ತಂದುಕೊಟ್ಟರೆ ಪುಣ್ಯ ಬರುತ್ತದೆ. ನಿನಗೆ ಬೇಕಾದವರು ಸಾಮಾನ್ಯವಾಗಿ ಇಬ್ಬರು. ಒಬ್ಬರು, ಕಲಿಸುವ ಹುರುಪು ಇನ್ನೂ ಆರದ ಅಸಿಸ್ಟೆಂಟ್ ಪ್ರೊಫೆಸರ್. ಇನ್ನೊಬ್ಬರು, ಪರೀಕ್ಷೆಗೆ ಓದುತ್ತಿರುವ ಜೆಆರ್ ಮೂರು. ಯಾರಿಗಾದರೂ ವಿವರಿಸಿ ಹೇಳಿದರೆ ಓದಿದ್ದು ಗಟ್ಟಿಯಾಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ, ಹಾಗಾಗಿ ಕೇಳುವ ಕಿವಿ ಅವರಿಗೂ ಬೇಕು.

ಯಾವ ಯೂನಿಟ್ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ನಿನ್ನ ಬಯೋಕೆಮಿಸ್ಟ್ರಿ ಮೇಡಂ ಬರುತ್ತಾರೆ. ಅವರನ್ನು ಸಹಿ ಹಾಕುವ ಕೈ ಅಂತ ಬದಿಗಿಟ್ಟಿದ್ದೀ. ಅದೇ ಕಾಲೇಜಿನಲ್ಲಿ ವರ್ಷಗಟ್ಟಲೆ ಇರುವವರಿಗೆ ಯಾರು ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಕಲಿಸುತ್ತಾರೆ, ಯಾರು ಕೂಗಾಡುತ್ತಾರೆ, ಯಾರಿಂದ ಹುಡುಗಿಯರು ದೂರವಿರುವುದು ಒಳ್ಳೆಯದು ಎಂಬುದೆಲ್ಲ ಗೊತ್ತಿರುತ್ತದೆ. ಮುಂದಿನ ಭೇಟಿಯಲ್ಲಿ ಮಾರ್ಕ್ಸ್‌ಕಾರ್ಡ್ ಪಕ್ಕಕ್ಕಿಟ್ಟು ಕೇಳು: ‘ಮೇಡಂ, ನನಗೆ ಸರ್ಜರಿಯಲ್ಲಿ ಆಸಕ್ತಿ. ಅಲ್ಲಿ ಚೆನ್ನಾಗಿ ಕಲಿಸುವವರು ಯಾರು? ನನ್ನ ಬಗ್ಗೆ ಅವರಿಗೊಂದು ಮಾತು ಹೇಳುತ್ತೀರಾ?’ ಧಂತೋಲಿಯ ಹುಡುಗರಿಗೆ ಅಪ್ಪನ ಫೋನು ಮಾಡಿಕೊಡುವ ಕೆಲಸವನ್ನು ನಿನಗೆ ಈ ಮೇಡಂ ಮಾಡಿಕೊಡುತ್ತಾರೆ.

ಆಮೇಲೆ ಆ ಅಸಿಸ್ಟೆಂಟ್ ಪ್ರೊಫೆಸರ್ ಮುಂದೆ ನಿಂತಾಗ ಹತ್ತು ಸೆಕೆಂಡಿನಲ್ಲಿ ಹೌದು ಅನ್ನಬಹುದಾದದ್ದನ್ನು ಮಾತ್ರ ಕೇಳು: ‘ಸರ್, ಗುರುವಾರ ಸಂಜೆ ನಿಮ್ಮ ಯೂನಿಟ್ಟಿನ ರೌಂಡ್ಸ್ ಆಗುವಾಗ ಹಿಂದೆ ನಿಲ್ಲಬಹುದೇ? ನನ್ನ ಪೋಸ್ಟಿಂಗ್ ಮುಗಿದ ಮೇಲೂ?’ ಎರಡನೇ ವರ್ಷದಿಂದ ಹೇಗೂ ಕ್ಲಿನಿಕಲ್ ಪೋಸ್ಟಿಂಗ್ ಶುರುವಾಗುತ್ತದೆ. ಅದರಲ್ಲಿ ನಲವತ್ತು ಜನರ ಗುಂಪಿನ ನಡುವೆ ನಿನ್ನ ಮುಖ ಯಾರಿಗೂ ನೆನಪಿರುವುದಿಲ್ಲ. ಪೋಸ್ಟಿಂಗ್ ಮುಗಿದ ಮೇಲೂ ಬರುವವಳ ಮುಖ ನೆನಪಿರುತ್ತದೆ.

ಗುರು ಎಂದರೆ ಪ್ರೊಫೆಸರೇ ಆಗಬೇಕೆಂದಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1944ರ ನವೆಂಬರ್ 29ರಂದು ಆಲ್ಫ್ರೆಡ್ ಬ್ಲಾಲಾಕ್ ಎಂಬ ಸರ್ಜನ್ ಹುಟ್ಟಿನಿಂದಲೇ ಹೃದಯದ ದೋಷವಿದ್ದು ನೀಲಿಗಟ್ಟಿದ್ದ ಕೂಸಿಗೆ ಮೊದಲ ಬಾರಿಗೆ ಆ ಬಗೆಯ ಆಪರೇಷನ್ ಮಾಡಿದರು. ಅವರ ಬೆನ್ನ ಹಿಂದೆ ಒಂದು ಮೆಟ್ಟಿಲ ಸ್ಟೂಲಿನ ಮೇಲೆ ನಿಂತು, ಹೊಲಿಗೆ ಎಲ್ಲಿ, ಹೇಗೆ ಅಂತ ಹೇಳಿಕೊಡುತ್ತಿದ್ದವರು ವಿವಿಯನ್ ಥಾಮಸ್. ಕರಿಯ ಜನಾಂಗದವರು, ಬಡಗಿ ಕೆಲಸ ಮಾಡಿಕೊಂಡಿದ್ದವರು, ಡಾಕ್ಟರ್ ಓದುವ ಆಸೆ ಆರ್ಥಿಕ ಕುಸಿತದಿಂದ ಕೈಗೂಡದೆ ಲ್ಯಾಬ್ ಸಹಾಯಕರಾಗಿ ಸೇರಿದವರು. ವೈದ್ಯ ಪದವಿ ಇಲ್ಲದ ಈ ಮನುಷ್ಯನ ಕೈಕೆಳಗೆ ಮುಂದೆ ಹೆಸರು ಮಾಡಿದ ಎಷ್ಟೋ ಹೃದಯ ಸರ್ಜನ್‌ಗಳು ಕೈ ಪಳಗಿಸಿಕೊಂಡರು. ಆ ಸಂಸ್ಥೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ನಿನ್ನ ಆಸ್ಪತ್ರೆಯ ಓಟಿಯಲ್ಲೂ ಹೊಸ ಪಿಜಿಗೆ ಕಣ್ಸನ್ನೆಯಲ್ಲೇ ಬುದ್ಧಿ ಹೇಳುವ ಸಿಸ್ಟರ್ ಒಬ್ಬರು ಖಂಡಿತ ಇದ್ದಾರೆ. ಅವರನ್ನು ಹುಡುಕಿಕೋ.

ಈಗ ವಾರ್ಡಿನ ವಿಷಯ. ಓಟಿಯಲ್ಲಿ ನಿನ್ನ ವಯಸ್ಸಿನವರಿಗೆ ಕಾಣುವುದು ನಾಲ್ಕು ಜನರ ಬೆನ್ನು, ಒಂದು ದೀಪ, ಹಸಿರು ಬಟ್ಟೆಯ ನಡುವೆ ಅಂಗೈಯಗಲ ಚರ್ಮ. ಸರ್ಜನ್ ಹೇಗೆ ಯೋಚಿಸುತ್ತಾನೆ ಎಂಬುದು ಕಾಣುವುದು ವಾರ್ಡಿನಲ್ಲಿ. ಒಬ್ಬ ರೋಗಿಯನ್ನು ಹಿಡಿದುಕೋ. ಗಡಚಿರೋಲಿಯಿಂದ ಹರ್ನಿಯಾ ಅಂತ ಬಂದ ಕೂಲಿಯವನು ಅಂತಿಟ್ಟುಕೋ. ಅವನು ಸೇರಿದ ದಿನ ಹಿಸ್ಟರಿ ತೆಗೆದುಕೋ. ವರ್ಷಗಟ್ಟಲೆ ಕೆಮ್ಮು ಇದೆಯಾ, ಮೂತ್ರಕ್ಕೆ ತಿಣುಕಬೇಕಾ ಎಂದು ಜೆಆರ್ ಯಾಕೆ ಕೇಳಿದ ಅಂತ ಯೋಚಿಸು. ಹಿಮೋಗ್ಲೋಬಿನ್ ಕಡಿಮೆ ಅಂತ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಕಾಗದ ಬರಲಿಲ್ಲ ಅಂತ ಇನ್ನೂ ಮುಂದಕ್ಕೆ ಹೋಗುತ್ತದೆ. ಹೆಂಡತಿ ಊರಲ್ಲಿ ಭತ್ತ ಕೊಯ್ಯುವ ಕಾಲ ಅಂತ ಅಳುತ್ತಾಳೆ. ಆ ದಿನ ಅಸಿಸ್ಟೆಂಟ್ ಪ್ರೊಫೆಸರ್ ಅವಳಿಗೆ ಏನು ಹೇಳಿದರು, ಯಾವ ದನಿಯಲ್ಲಿ ಹೇಳಿದರು ಎಂಬುದನ್ನು ಬರೆದಿಟ್ಟುಕೋ. ಕೊನೆಗೆ ಆಪರೇಷನ್ ಆದ ದಿನ ‘ಈ ರೋಗಿ ನನಗೆ ಗೊತ್ತು ಸರ್’ ಅಂತ ಓಟಿಗೆ ಹೋಗು, ಯಾರೂ ತಡೆಯುವುದಿಲ್ಲ. ಹೊಲಿಗೆ ಬಿಚ್ಚುವ ದಿನದವರೆಗೂ ಬಿಡಬೇಡ. ಇಂಥ ನಾಲ್ಕೈದು ರೋಗಿಗಳ ಜೊತೆ ಕೊನೆಯವರೆಗೂ ಇದ್ದವಳಿಗೆ, ಎಷ್ಟೋ ಆಪರೇಷನ್‌ಗಳನ್ನು ಬಾಗಿಲಲ್ಲಿ ನಿಂತು ನೋಡಿದವನಿಗಿಂತ ಹೆಚ್ಚು ಸರ್ಜರಿ ಗೊತ್ತಿರುತ್ತದೆ. ನೋಟ್‌ಬುಕ್ಕಿನಲ್ಲಿ ರೋಗಿಯ ಹೆಸರು ಬರೆಯಬೇಡ, ಫೋನಿನಲ್ಲಿ ಫೋಟೋ ತೆಗೆಯಲೇಬೇಡ.

ಮರಾಠಿಗೆ ಹೆದರಬೇಡ. ಕಲಬುರಗಿಯವಳ ಕಿವಿಗೆ ದಖ್ಖನಿ ಹಿಂದಿ ಹುಟ್ಟಿನಿಂದ ಬಿದ್ದಿರುತ್ತದೆ. ಛಿಂದವಾಡ, ಸಿವನಿ ಕಡೆಯ ರೋಗಿಗಳ ಜೊತೆ ಅದೇ ಸಾಕು. ಉಳಿದದ್ದನ್ನು ವಾರ್ಡಿನ ಮಾವಶಿಯರ (ಆಯಾಗಳ) ಹತ್ತಿರ ಕಲಿ. ‘ಕುಠೇ ದುಖತೆ?’ ಅಂತ ಕೇಳಿ, ಉತ್ತರ ಅರ್ಥವಾಗದಿದ್ದರೆ ಮಾವಶಿಯತ್ತ ತಿರುಗು. ಅವಳು ನಗುತ್ತಾಳೆ, ಹೇಳಿಕೊಡುತ್ತಾಳೆ. ಮಾವಶಿ, ವಾರ್ಡ್‌ಬಾಯ್ ಮಾಮಾ ಇವರ ಜೊತೆ ಚೆನ್ನಾಗಿರುವ ವಿದ್ಯಾರ್ಥಿಗೆ ಆಸ್ಪತ್ರೆಯಲ್ಲಿ ಬೀಗ ಹಾಕಿದ ಬಾಗಿಲೇ ಇರುವುದಿಲ್ಲ.

ಓಟಿಗೆ ಹೋಗುವ ದಿನ ಬಂದೇ ಬರುತ್ತದೆ, ಅದಕ್ಕೂ ನಾಲ್ಕು ಮಾತು. ತಿಂಡಿ ತಿಂದು ಹೋಗು. ಖಾಲಿ ಹೊಟ್ಟೆಯಲ್ಲಿ ಡಯಾಥರ್ಮಿಯ ಸುಟ್ಟ ವಾಸನೆ ಬಡಿದರೆ ಎಂಥವರಿಗೂ ತಲೆ ಸುತ್ತುತ್ತದೆ. ಕಣ್ಣು ಕತ್ತಲಿಟ್ಟರೆ ಮರ್ಯಾದೆ ನೋಡದೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೊರಗಿ ನೆಲಕ್ಕೆ ಕೂತುಬಿಡು. ಟ್ರಾಲಿಯ ಮೇಲೆ ಬೀಳುವವರ ಕಥೆ ವರ್ಷಗಟ್ಟಲೆ ಕ್ಯಾಂಟೀನಿನಲ್ಲಿ ಓಡಾಡುತ್ತದೆ, ಕೂತವರ ಕಥೆ ಯಾರೂ ಹೇಳುವುದಿಲ್ಲ. ಒಳಗೆ ಬಂದ ಕೂಡಲೇ ಸಿಸ್ಟರಿಗೆ ನಮಸ್ಕಾರ ಹೇಳಿ ಎಲ್ಲಿ ನಿಲ್ಲಲಿ ಅಂತ ಕೇಳು. ಮಡಿಯಲ್ಲಿರುವ ಅಜ್ಜಿಯ ಅಡುಗೆಮನೆಗೆ ಹೋದರೆ ಹೇಗೆ ಕೈ ಕಟ್ಟಿಕೊಂಡು ನಿಲ್ಲುತ್ತೀಯೋ ಹಾಗೆ ನಿಲ್ಲು. ಹಸಿರಾದದ್ದನ್ನು ಯಾವುದನ್ನೂ ಮುಟ್ಟಬೇಡ. ಸ್ಕ್ರಬ್ ಆಗಲು ಹೇಳಿದರೆ ತೊಳೆದ ಕೈ ಮೊಣಕೈಗಿಂತ ಮೇಲೇ ಇರಲಿ, ನೀರು ಬೆರಳಿನಿಂದ ಮೊಣಕೈಯತ್ತ ಇಳಿಯಬೇಕು. ಕೈಗೆ ರಿಟ್ರಾಕ್ಟರ್ ಕೊಟ್ಟರೆ ಅವರು ಇಟ್ಟುಕೊಟ್ಟ ಕೋನದಲ್ಲೇ ಹಿಡಿ, ಇಣುಕಿ ನೋಡುವ ಆಸೆಗೆ ಎಳೆತ ಬದಲಾಯಿಸಬೇಡ. ಪ್ರಶ್ನೆಗಳೆಲ್ಲ ಚರ್ಮದ ಹೊಲಿಗೆ ಶುರುವಾದ ಮೇಲೆ.

ಗಂಟು ಹಾಕುವುದನ್ನು ಮಾತ್ರ ಇವತ್ತಿನಿಂದಲೇ ಕಲಿಯಬಹುದು. ಅವಧಿ ಮುಗಿದ ಸಿಲ್ಕ್ ದಾರದ ಪ್ಯಾಕೆಟ್ ಇದ್ದರೆ ಕೊಡಿ ಅಂತ ಸಿಸ್ಟರ್ ಹತ್ತಿರ ಕೇಳು. ಹಾಸ್ಟೆಲ್ ಮಂಚದ ಸರಳಿಗೆ ರೀಫ್ ನಾಟ್, ಸರ್ಜನ್ಸ್ ನಾಟ್ ಎರಡನ್ನೂ ಹಾಕುತ್ತಿರು, ಎಡಗೈಯಲ್ಲೂ ಹಾಕು, ಕಣ್ಣು ಮುಚ್ಚಿಯೂ ಹಾಕು. ಸುಶ್ರುತ ತನ್ನ ಶಿಷ್ಯರನ್ನು ಮನುಷ್ಯರ ಹತ್ತಿರ ಬಿಡುವ ಮೊದಲು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು ಅಭ್ಯಾಸ ಮಾಡಿಸಬೇಕೆಂದು ಬರೆದಿಟ್ಟದ್ದು ಸುಮ್ಮನೆ ಅಲ್ಲ. ಆದರೆ ಯಾವನೋ ಉತ್ಸಾಹಿ ಸೀನಿಯರ್ ಮಧ್ಯರಾತ್ರಿ ‘ಬಾ, ಈ ಗಾಯ ನೀನೇ ಹೊಲಿ’ ಅಂದರೆ ಬೇಡ ಅನ್ನು. ಬಡರೋಗಿಯ ಚರ್ಮ ನಿನ್ನ ಕುಂಬಳಕಾಯಿಯಲ್ಲ. ಇಂಟರ್ನ್‌ಶಿಪ್ಪಿನಲ್ಲಿ ಮೇಲಿನವರ ಕಣ್ಣೆದುರಲ್ಲಿ ಬೇಕಾದಷ್ಟು ಹೊಲಿಯುವುದಿದೆ.

ಇನ್ನು ನಿನ್ನ ಓಟಿಯುಳ್ಳ ಗೆಳೆಯರು. ಅವರಿಗೆ ಅನುಕೂಲ ಇದೆ, ಇಲ್ಲ ಅಂತ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಉಪಕರಣಗಳ ಹೆಸರು, ಓಟಿಯ ನಡೆನುಡಿ ಅವರಿಗೆ ಮನೆಯಲ್ಲೇ ಬರುತ್ತದೆ. ಮುಂದೆ ಕಲಿತ ಮೇಲೆ ಕೂರಲು ಕುರ್ಚಿಯೂ ಸಿದ್ಧವಿರುತ್ತದೆ. ಆದರೆ ದೇಶದ ಉದ್ದಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 44, ಅಡ್ಡಕ್ಕೆ ಹೋಗುವ 53 ಎರಡೂ ಹಾಯುವುದು ನಾಗಪುರದಲ್ಲೇ. ಆ ರಸ್ತೆಗಳ ಅಪಘಾತ, ತೂತುಬಿದ್ದ ಕರುಳು, ಸುಟ್ಟಗಾಯ, ಎತ್ತು ತಿವಿದ ಹೊಟ್ಟೆ, ಕೈಯಲ್ಲಿ ಕಾಸಿಲ್ಲದವರದ್ದೆಲ್ಲ ಬರುವುದು ನಿನ್ನ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ. ನರ್ಸಿಂಗ್ ಹೋಮಿನಲ್ಲಿ ದುಡ್ಡು ಕೊಟ್ಟರೂ ಕಾಣದ್ದು ಇದು. ಆದಿವಾಸಿಗಳಿಗೆ ಚಿಕಿತ್ಸೆ ಕೊಡುತ್ತ ಹೆಸರಾದ ಡಾಕ್ಟರ್ ಪ್ರಕಾಶ ಆಮ್ಟೆ ಓದಿದ್ದು ಇದೇ ಊರಿನ ಮೆಡಿಕಲ್‌ನಲ್ಲಿ. ಸರ್ಜರಿಯ ಪಿಜಿ ಓದನ್ನು ನಡುವೆಯೇ ಬಿಟ್ಟು ಹೇಮಲಕಸಾದ ಕಾಡಿಗೆ ಹೋದರು. ಅರಿವಳಿಕೆ ಕಲಿತಿದ್ದ ಪತ್ನಿ ಮಂದಾಕಿನಿಯವರೂ ಜೊತೆಗಿದ್ದರು. ಕರೆಂಟಿಲ್ಲದ ಊರಲ್ಲಿ ಅವರ ಕೈ ಹಿಡಿದದ್ದು ಈ ವಾರ್ಡುಗಳಲ್ಲಿ ಕಣ್ಣಾರೆ ಕಂಡ ವೈವಿಧ್ಯವೇ ಇರಬೇಕು ಅಂತ ನನ್ನ ಊಹೆ. (ಪಿಜಿ ಬಿಟ್ಟು ಹೋಗು ಅಂತ ನಾನು ಹೇಳಿದೆ ಎಂದು ಅಮ್ಮನಿಗೆ ಹೇಳಬೇಡ.)

ಓದಿನ ಬಗ್ಗೆ ಒಂದೇ ಮಾತು. ನಿನ್ನ ಹಾಸ್ಟೆಲಿನ ಸೀನಿಯರುಗಳ ಮೇಜಿನ ಮೇಲೆ ‘ಎಸ್‌ಆರ್‌ಬಿ’ ಅಂತ ಇಟ್ಟಿಗೆ ಗಾತ್ರದ ಪುಸ್ತಕ ಕಂಡಿರಬಹುದು. ಅದನ್ನು ಬರೆದವರು ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಸರ್ಜರಿ ಪಾಠ ಹೇಳಿದ ಶ್ರೀರಾಮ ಭಟ್. ದೇಶದ ತುಂಬ ಓದುತ್ತಾರೆ. ಈಗಲೇ ಇಡೀ ಪುಸ್ತಕ ಮುಗಿಸುತ್ತೇನೆಂದು ಹೊರಟರೆ ಪ್ಯಾಥಾಲಜಿ ಕೈಬಿಡುತ್ತದೆ. ಹರ್ನಿಯಾ ರೋಗಿಯನ್ನು ಕಂಡ ರಾತ್ರಿ ಹರ್ನಿಯಾ ಅಧ್ಯಾಯ, ಅಷ್ಟು ಸಾಕು. ಮೊದಲ ವರ್ಷದ ಅನಾಟಮಿಯಲ್ಲಿ ಉರುಹೊಡೆದ ಇಂಗ್ವೈನಲ್ ಕೆನಾಲ್ ಆ ರಾತ್ರಿ ಅರ್ಥವಾಗುತ್ತದೆ.

ಯೂನಿಟ್ಟಿನಲ್ಲಿ ಮುಖ ಪರಿಚಯವಾದ ಮೇಲೆ, ಐಸಿಎಂಆರ್‌ನ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಬಗ್ಗೆ ಕೇಳು. 1979ರಿಂದ ನಡೆದಿದೆ. ಎರಡು ತಿಂಗಳ ಸಣ್ಣ ಸಂಶೋಧನೆ, ಸ್ಟೈಪೆಂಡ್ ಉಂಟು, ನಿನ್ನ ಕಾಲೇಜಿನ ಅಧ್ಯಾಪಕರೊಬ್ಬರು ಗೈಡ್ ಆಗಲೇಬೇಕು. ಒಬ್ಬರ ಜೊತೆ ಎರಡು ತಿಂಗಳು ಕೆಲಸ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಮೂರನೇ ವರ್ಷ ಮುಗಿದ ಮೇಲೆ ಎಲೆಕ್ಟಿವ್ ಅವಧಿಯೂ ಬರುತ್ತದೆ. ಆಗ ಆರಿಸಿಕೊಳ್ಳಲು ಈಗಿನ ಪರಿಚಯ ಬೇಕಾಗುತ್ತದೆ.

‘ಸರ್ಜರಿ ಹುಡುಗಿಯರಿಗಲ್ಲ’ ಅಂದ ಸೀನಿಯರ್‌ಗೆ ನೀನು ಉತ್ತರ ಕೊಡಬೇಕಿಲ್ಲ. ಮದ್ರಾಸಿನ ಟಿ.ಎಸ್. ಕನಕ ಎಂಬ ಹೆಣ್ಣುಮಗಳು ಬಿ. ರಾಮಮೂರ್ತಿ ಅವರ ವಿಭಾಗದಲ್ಲಿ ಕಲಿತು, 1968ರಲ್ಲಿ ನ್ಯೂರೋಸರ್ಜರಿಯಲ್ಲಿ ಎಂಸಿಎಚ್ ಪಡೆದು, ಮಿದುಳಿನ ಆಪರೇಷನ್ ಮಾಡುತ್ತಿದ್ದಾಗ ಆ ಸೀನಿಯರ್‌ನ ಅಪ್ಪ ಶಾಲೆಗೆ ಹೋಗುತ್ತಿದ್ದಿರಬೇಕು. ನೀನು ಮಾಡಬೇಕಾದದ್ದು, ನಿನ್ನದೇ ಕಾಲೇಜಿನ ಸರ್ಜರಿ ವಿಭಾಗದ ಮಹಿಳಾ ಪಿಜಿ ಒಬ್ಬರನ್ನು ಚಹಾಕ್ಕೆ ಕರೆದು ನಿಜವಾದ ಪ್ರಶ್ನೆ ಕೇಳುವುದು: ನೈಟ್ ಡ್ಯೂಟಿ ಹೇಗೆ, ಮುಟ್ಟಿನ ದಿನ ಆರು ತಾಸು ನಿಂತಿರುವುದು ಹೇಗೆ, ಡ್ಯೂಟಿ ರೂಮಿಗೆ ಒಳಗಿನಿಂದ ಚಿಲಕ ಇದೆಯೇ.

ಅಮ್ಮನಿಗೆ ಲೆಕ್ಕ ಕೊಟ್ಟುಬಿಡು, ಮುಚ್ಚಿಡಬೇಡ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಎಂಎಸ್ ಮೂರು. ಹದಿನೆಂಟಕ್ಕೆ ಸೇರಿದವಳು, ನೀಟ್ ಪಿಜಿ ಮೊದಲ ಸಲಕ್ಕೇ ಒಲಿದರೆ, ಇಪ್ಪತ್ತೇಳರ ಹೊತ್ತಿಗೆ ಸರ್ಜನ್. ಪ್ಲಾಸ್ಟಿಕ್ ಸರ್ಜರಿ, ನ್ಯೂರೋ ಸರ್ಜರಿ ಅಂತ ಮುಂದೆ ಹೋದರೆ ಇನ್ನೂ ಮೂರು ವರ್ಷ. ಇದರ ನಡುವೆ ಮದುವೆಯಾದವರಿದ್ದಾರೆ, ಮಕ್ಕಳಾದವರಿದ್ದಾರೆ, ಕಷ್ಟಪಟ್ಟೇ ಆದವರು. ಡರ್ಮಾದಲ್ಲಿ ರಾತ್ರಿ ನಿದ್ದೆ ಹೆಚ್ಚು ಎಂಬುದೂ ಸುಳ್ಳಲ್ಲ. ಎರಡು ವರ್ಷ ವಾರ್ಡಿನಲ್ಲಿ ನಿಂತ ಮೇಲೆ ನಿನಗೇ ಸರ್ಜರಿ ಬೇಡ ಅನ್ನಿಸಿದರೆ ಅದು ಸೋಲಲ್ಲ. ಮೂರು ವರ್ಷದ ಪಿಜಿ ಸೀಟು ಹಿಡಿದು ಪಶ್ಚಾತ್ತಾಪ ಪಡುವುದಕ್ಕಿಂತ ಈಗ ಗೊತ್ತಾಗುವುದು ಎಷ್ಟೋ ವಾಸಿ.

ಒಂದು ಎಚ್ಚರಿಕೆ. ಓಟಿಯಲ್ಲಿ ಗದರಿಸುವವರೆಲ್ಲ ಕೆಟ್ಟವರಲ್ಲ, ರಕ್ತ ಚಿಮ್ಮುವಾಗ ಯಾರೂ ಮೆತ್ತಗೆ ಮಾತಾಡುವುದಿಲ್ಲ. ಆದರೆ ಆಪರೇಷನ್ ಮುಗಿದ ಮೇಲೂ ಎಲ್ಲರೆದುರು ಹೀಯಾಳಿಸುವವನು, ನಿನ್ನಿಂದ ಡೇಟಾ ತುಂಬಿಸಿಕೊಂಡು ಪ್ರಬಂಧದಲ್ಲಿ ನಿನ್ನ ಹೆಸರು ಬಿಡುವವನು, ಕಾರಣವಿಲ್ಲದೆ ಕೋಣೆಗೆ ಒಬ್ಬಳೇ ಬಾ ಅನ್ನುವವನು ಎಷ್ಟೇ ಒಳ್ಳೆಯ ಕೈಯವನಾದರೂ ಗುರುವಲ್ಲ. ಪ್ರತಿ ಕಾಲೇಜಿನಲ್ಲೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು, ಅದರ ಸದಸ್ಯರು ಯಾರು ಅಂತ ಇವತ್ತೇ ನೋಡಿಟ್ಟುಕೋ. ರ‍್ಯಾಗಿಂಗ್ ಆದರೆ ದೇಶದ ಸಹಾಯವಾಣಿ 1800-180-5522. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ ಇದನ್ನು ಅತಿ ಭಯ ಅಂತ ಯಾರೂ ಅನ್ನುವಂತಿಲ್ಲ. ಎಮರ್ಜೆನ್ಸಿ ನೋಡಲು ರಾತ್ರಿ ಹೋಗುವುದಾದರೆ ಬ್ಯಾಚಿನ ಗೆಳತಿಯ ಜೊತೆಗೇ ಹೋಗು, ಹಾಸ್ಟೆಲಿನಲ್ಲಿ ಹೇಳಿ ಹೋಗು.

ಕೊನೆಯದಾಗಿ, ವಾರ್ಡಿಗೆ ಕಾಲಿಡುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀಯಾ ನೋಡು. ಸರ್ಕಾರಿ ಪಟ್ಟಿಯಲ್ಲಿ ಅದು ದೇಶದ ತುಂಬ ಬಂದದ್ದು 2011ರ ಸುಮಾರಿಗೆ, ನೀನು ಹುಟ್ಟಿದ ಮೇಲೆ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೂಜಿ ಚುಚ್ಚಿಕೊಂಡರೆ ಒತ್ತಿ ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ಕ್ಯಾಷುವಾಲ್ಟಿಗೆ ಹೇಳು. ಎಚ್‌ಐವಿ ತಡೆಯ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಮೊದಲ ಡೋಸ್ ಈ ವಾರವೇ ಹಾಕಿಸಿಕೋ, ಮೇಡಂ ಹತ್ತಿರ ಮುಂದಿನ ವಾರ ಹೋಗು.